ಸೀಗಡಿ ಶೆಡ್ಡಿನ ಬಾಗಿಲು

ದೇವದುರ್ಗದಲ್ಲಿ ಹುಟ್ಟಿದ ನಮಗೆ ನೀರು ಅಂದರೆ ಕೃಷ್ಣಾ ನದಿ, ಮೀನು ಅಂದರೆ ಸಂತೆಯ ದಿನ ಬುಟ್ಟಿಯಲ್ಲಿ ಬರುವ ಹೊಳೆಮೀನು. ಸಮುದ್ರ ನಮ್ಮ ಲೆಕ್ಕಕ್ಕೇ ಇರಲಿಲ್ಲ. ಆದರೂ ನಮ್ಮ ಓಣಿಯ ಎಷ್ಟೋ ಹೆಂಗಸರು ಆಂಧ್ರದ ಕರಾವಳಿಯ ಊರುಗಳಲ್ಲಿ ವರ್ಷಗಟ್ಟಲೆ ಇದ್ದು ಬಂದಿದ್ದಾರೆ. ಸಮುದ್ರ ಹೇಗಿರುತ್ತದೆ ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರಿಗೆ ಹೇಳಲು ಬರುವುದಿಲ್ಲ. ಅವರು ಅಲ್ಲಿ ನೋಡಿದ್ದು ಮಂಜುಗಡ್ಡೆ, ಸ್ಟೀಲಿನ ಮೇಜು ಮತ್ತು ಸೀಗಡಿ. ನನ್ನ ಅಕ್ಕ ಅವರಲ್ಲಿ ಒಬ್ಬಳು. ನಾನೂ ಒಂದು ಹಂಗಾಮು ಅವಳ ಪಕ್ಕದಲ್ಲಿ ನಿಂತು ಸೀಗಡಿ ಸುಲಿದಿದ್ದೇನೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದ ಮೇಲೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಅಕ್ಕ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಅವ್ವ ಬಾಗಿಲಲ್ಲೇ ಕುಸಿದು ಕುಳಿತು ಅಳತೊಡಗಿದಾಗ, ಅಕ್ಕ ಟ್ರಂಕನ್ನು ಇಳಿಸಿ, ಸೆರಗನ್ನು ತಲೆಗೆ ಎಳೆದುಕೊಂಡು, ತನ್ನ ಅತ್ತೆ ಮೂಗಿನಲ್ಲಿ ಮಾತನಾಡುವುದನ್ನು ಥೇಟ್ ಹಾಗೆಯೇ ಮಾಡಿ ತೋರಿಸಿದಳು. ಅವ್ವ ಅಳುತ್ತಲೇ ನಕ್ಕುಬಿಟ್ಟಳು. ಅಕ್ಕ ಯಾರನ್ನು ಬೇಕಾದರೂ ನಕಲು ಮಾಡುತ್ತಿದ್ದಳು: ಬಸ್ ಕಂಡಕ್ಟರನ್ನು, ಮತ ಕೇಳಲು ಬರುವವರನ್ನು, ನಮ್ಮ ಹೆಡ್‌ಮಾಸ್ತರನ್ನು. ಬುದ್ಧ ಪೂರ್ಣಿಮೆಯ ದಿನ ಓಣಿಯ ಹೆಂಗಸರೆಲ್ಲ ಒಂದೆಡೆ ಕುಳಿತರೆ, ನಡುವೆ ಅಕ್ಕ ಇರಲೇಬೇಕು.

ಅಪ್ಪ ತೀರಿಕೊಂಡಿದ್ದ. ಅಕ್ಕ ಕೂಲಿಗೆ ಜನ ಕೂಡಿಸುವ ಮೇಸ್ತ್ರಿಯೊಬ್ಬನ ಜೊತೆ ಕರಾವಳಿಯ ಸೀಗಡಿ ಫ್ಯಾಕ್ಟರಿಗೆ ಹೋಗತೊಡಗಿದಳು. ಮೆಣಸಿನಕಾಯಿ ಬಿಡಿಸಲು ತೆಲಂಗಾಣದ ಕಡೆ ಹೋಗಿ ಬಂದು ಅವಳಿಗೆ ತೆಲುಗು ಬರುತ್ತಿತ್ತು. ಜೊತೆಗೆ ನಮ್ಮ ಎದುರು ಮನೆಯವಳೂ ಹೋಗುತ್ತಿದ್ದಳು. ಅವಳು ಅಕ್ಕನ ಬಾಲ್ಯದ ಗೆಳತಿ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹತ್ತಿರದವರು. ನಾನು ರಾಯಚೂರಿನಲ್ಲಿ ಡಿಗ್ರಿ ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದ ವರ್ಷ, ನಾನೂ ಬರುತ್ತೇನೆ ಎಂದೆ.

"ಬ್ಯಾಡ ತಂಗಿ," ಅಂದಳು ಅಕ್ಕ. "ಅಲ್ಲಿ ಕೈ ಬೆಳ್ಳಗ ಬಾತು ಹೋಗ್ತಾವು. ನೀ ಓದಾಕಿ."

"ಮನ್ಯಾಗ ಕುಂತು ಏನ್ ಮಾಡ್ಲಿ? ಒಂದು ಹಂಗಾಮು ಅಷ್ಟ ಬರ್ತೀನಿ."

ಅವಳು ಬೇಡ ಅಂದಿದ್ದು ಬಾಯಿಮಾತಿಗೆ. ಒಳಗೊಳಗೆ ಖುಷಿಯಾಗಿದ್ದಳು ಎಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟಳು.

ಫ್ಯಾಕ್ಟರಿಯ ಮುಂಭಾಗದ ಹಾಲ್ ಆಸ್ಪತ್ರೆಯ ಹಾಗಿತ್ತು. ಬಿಳಿ ಗೋಡೆ, ಬಿಳಿ ದೀಪ. ತಲೆಗೆ ಬಲೆ, ಬಾಯಿಗೆ ಮಾಸ್ಕು, ಮೊಣಕಾಲಿನವರೆಗೆ ರಬ್ಬರ್ ಬೂಟು. ಮಂಜುಗಡ್ಡೆಯ ನೀರಿನಲ್ಲಿ ಬರುವ ಸೀಗಡಿಯನ್ನು ಎತ್ತಿ ತಲೆ ಮುರಿಯಬೇಕು, ಸಿಪ್ಪೆ ಬಿಡಿಸಬೇಕು, ಬೆನ್ನು ಸೀಳಿ ಕಪ್ಪು ನರ ಎಳೆಯಬೇಕು. ಮೊದಲ ವಾರ ನನ್ನ ಬೆರಳುಗಳು ನನ್ನವೇ ಅಲ್ಲ ಅನ್ನಿಸುತ್ತಿತ್ತು. ಅಕ್ಕ ತನ್ನ ಬಟ್ಟಲನ್ನು ತುಂಬಿಸಿ ನನ್ನ ಬಟ್ಟಲಿಗೂ ಒಂದಿಷ್ಟು ಸುರಿಯುತ್ತಿದ್ದಳು.

ನಾವು ಸುಲಿದ ಸೀಗಡಿ ತುಂಬುತ್ತಿದ್ದ ಡಬ್ಬಿಗಳ ಮೇಲೆ ಆ ಫ್ಯಾಕ್ಟರಿಯ ಹೆಸರು ಇರುತ್ತಿರಲಿಲ್ಲ. ದೂರ ದೇಶದ ಒಂದು ದೊಡ್ಡ ಕಂಪನಿಯ ಹೆಸರು ಇರುತ್ತಿತ್ತು. ಅದನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾಲೀಕನಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅದು ಬರೀ "ಕಂಪನಿ". ಕಂಪನಿಗೆ ಇಂಥ ಗಾತ್ರದ್ದು ಬೇಕು, ಕಂಪನಿಗೆ ಬಾಲ ಇರಬೇಕು, ಕಂಪನಿಗೆ ಬಾಲ ಇರಬಾರದು. ನಾನು ಆಮೇಲೆ ಓದಿ ತಿಳಿದುಕೊಂಡೆ, ಇಡೀ ಜಗತ್ತಿನ ಮೀನು ಸೀಗಡಿಯ ವ್ಯಾಪಾರದ ದೊಡ್ಡ ಪಾಲು ಇಂಥ ಕೆಲವೇ ಕಂಪನಿಗಳ ಕೈಯಲ್ಲಿದೆ ಎಂದು. ಸಮುದ್ರಕ್ಕೆ ಇಳಿಯುವ ಹಡಗು ಅವರದು, ಸೀಗಡಿ ಸಾಕುವ ಕೆರೆಗೆ ಸುರಿಯುವ ಮೇವು ಅವರದು, ತಣ್ಣನೆಯ ಗೋದಾಮು ಅವರದು, ಅಂಗಡಿಯ ಕಪಾಟಿನಲ್ಲಿ ಕಾಣುವ ಹೆಸರೂ ಅವರದು. ಸುಲಿಯುವ ಕೈ ಮಾತ್ರ ಅವರದಲ್ಲ. ಅದು ಎಲ್ಲಿ ಸಿಕ್ಕರೆ ಅಲ್ಲಿಯದು.

ಫ್ಯಾಕ್ಟರಿಯ ಹಿಂದೆ ಇನ್ನೊಂದು ಶೆಡ್ಡು ಇತ್ತು. ತಗಡಿನದು. ಕಿಟಕಿ ಇರಲಿಲ್ಲ. ಮಾಲು ಹೆಚ್ಚು ಬಂದಾಗ ನಮ್ಮಲ್ಲಿ ಅರ್ಧ ಜನರನ್ನು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿ ಮೇಜಿಲ್ಲ, ಬೂಟಿಲ್ಲ. ಒದ್ದೆ ನೆಲದ ಮೇಲೆ ಕುಳಿತು ಸುಲಿಯಬೇಕು. ಪಕ್ಕದಲ್ಲೇ ಶೀತಲ ಕೋಣೆಯ ಯಂತ್ರ. ಅದರಿಂದ ಆಗಾಗ ಅಮೋನಿಯಾದ ಗಾಳಿ ಸೋರುತ್ತಿತ್ತು. ಕಣ್ಣು ಉರಿ, ಗಂಟಲು ಉರಿ. ಸೀಗಡಿ ಸಿಪ್ಪೆಯ ನೀರು ಸಿಡಿದು ಹಬೆಯಂತೆ ಗಾಳಿಯಲ್ಲಿ ನಿಂತಿರುತ್ತಿತ್ತು. ಅಕ್ಕನಿಗೆ ಕೆಮ್ಮು ಹತ್ತಿದ್ದು ಅಲ್ಲಿ. ನಾನು ಹೋಗುವ ಹೊತ್ತಿಗಾಗಲೇ ಅವಳು ಮಾತಿನ ನಡುವೆ ನಿಂತು, ಎದೆ ಮೇಲೆ ಕೈಯಿಟ್ಟು, ಉಸಿರು ಎಳೆದುಕೊಂಡು ಮಾತು ಮುಂದುವರಿಸುವುದನ್ನು ರೂಢಿ ಮಾಡಿಕೊಂಡಿದ್ದಳು.

ಆ ಶೆಡ್ಡು ಕಂಪನಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು. ಕಂಪನಿಯ ಕಡೆಯವರು ತಪಾಸಣೆಗೆ ಬಂದ ದಿನ ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಮುಂದೆ ಖಾಲಿ ಬುಟ್ಟಿಗಳನ್ನು ಒಟ್ಟುತ್ತಿದ್ದರು. ಒಳಗಿದ್ದವರು ಅವರು ಹೋಗುವ ತನಕ ಉಸಿರೆತ್ತದೆ ಕುಳಿತಿರಬೇಕು.

ಅಂಥ ಒಂದು ದಿನ ನಾವೆಲ್ಲ ಒಳಗಿದ್ದೆವು. ಅಕ್ಕ, ನಾನು, ಎದುರು ಮನೆಯವಳು, ಇನ್ನೂ ಬಹಳ ಜನ. ಬೆಳಗಿನ ಚಹಾ ಆದ ಮೇಲೆ ಬೀಗ ಬಿತ್ತು. ಸ್ವಲ್ಪ ಹೊತ್ತಿಗೆ ಗಾಳಿ ಸೋರತೊಡಗಿತು. ಮೊದಲು ಎಲ್ಲರೂ ಸೆರಗು ಮೂಗಿಗೆ ಹಿಡಿದೆವು. ಆಮೇಲೆ ಕಣ್ಣು ತೆರೆಯಲಾಗಲಿಲ್ಲ. ಯಾರೋ ಬಾಗಿಲು ಬಡಿದರು. ಹೊರಗಿನಿಂದ ಸೂಪರ್‌ವೈಸರ್ ತೆಲುಗಿನಲ್ಲಿ ಮೆಲ್ಲನೆ ಗದರಿದ, ಬಾಯಿ ಮುಚ್ಚಿಕೊಂಡಿರಿ, ಅವರು ಇನ್ನೂ ಒಳಗಿದ್ದಾರೆ ಎಂದು. ಎದುರು ಮನೆಯವಳು ಗೋಡೆಗೆ ಒರಗಿ ಹಾಗೆಯೇ ಕೆಳಕ್ಕೆ ಜಾರಿದಳು. ಅಕ್ಕ ತನ್ನ ಸೆರಗನ್ನು ನೀರಿನಲ್ಲಿ ಅದ್ದಿ ಅವಳ ಮುಖಕ್ಕೆ ಹಿಡಿದಳು. ತಾನು ಕೆಮ್ಮುತ್ತ, ಅವಳನ್ನು ಬಾಗಿಲ ಸಂದಿನ ತನಕ ಎಳೆದುಕೊಂಡು ಹೋಗಿ, ಅವಳ ಮೂಗು ಸಂದಿಗೆ ಬರುವಂತೆ ಮಲಗಿಸಿದಳು. ಬಾಗಿಲು ತೆರೆದಾಗ ಆ ಹೆಂಗಸನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದವಳು ಅಕ್ಕನೇ. ಅಂಗಳದಲ್ಲಿ ಅವಳಿಗೆ ಎಚ್ಚರವಾಯಿತು. ಅಕ್ಕನ ಕೈಯನ್ನು ಎದೆಗೆ ಒತ್ತಿಕೊಂಡು ಅತ್ತಳು.

ಅವತ್ತು ಅಕ್ಕ ಯಾರನ್ನೂ ನಕಲು ಮಾಡಲಿಲ್ಲ. ಊಟಕ್ಕೆ ಕುಳಿತಾಗ ಇಷ್ಟೇ ಅಂದಳು: "ನಾವು ಸತ್ತಿದ್ರ ಅವರು ಬುಟ್ಟಿ ತಗಿತಿದ್ರೋ ಇಲ್ಲೋ?"

ಮುಂದಿನ ತಪಾಸಣೆಯ ದಿನ ನನ್ನನ್ನೂ ಅಕ್ಕನನ್ನೂ ಮುಂಭಾಗದ ಹಾಲ್‌ನಲ್ಲಿ ನಿಲ್ಲಿಸಿದರು. ಅಕ್ಕನ ಕೈಕೆಲಸ ಚೆಂದ, ಮುಖದಲ್ಲಿ ನಗು ಇರುತ್ತದೆ ಎಂಬ ಕಾರಣಕ್ಕೆ. ಎದುರು ಮನೆಯವಳು ಹಿಂದಿನ ಶೆಡ್ಡಿನಲ್ಲಿದ್ದಳು. ಏನು ಕೇಳಿದರೂ "ಬಾಗುಂದಿ", ಚೆನ್ನಾಗಿದೆ, ಅನ್ನಬೇಕು ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದರು. ಆದರೆ ಆ ಸಲ ಬಂದವರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಬೆಂಗಳೂರಿನವಳು. ಮೇಜುಗಳ ನಡುವೆ ನಡೆಯುತ್ತ ಬಂದು, ನಾವಿಬ್ಬರು ಮೆಲ್ಲಗೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದು ನಿಂತಳು.

"ಅಯ್ಯೋ, ಕನ್ನಡದವರಾ? ಯಾವ ಊರು ನಿಮ್ದು? ತಿಂಡಿ ಆಯ್ತಾ ಅಕ್ಕ?"

ನಾವು ಊರು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಅಲ್ಲಿ ಹೊರಗಿನವರು ಯಾರೂ ನಮ್ಮನ್ನು ಕನ್ನಡದಲ್ಲಿ ಮಾತನಾಡಿಸಿರಲಿಲ್ಲ, ತಿಂದಿರಾ ಎಂದು ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಅಕ್ಕನ ಕೈ ನಿಂತಿತು. ಮಾಸ್ಕು ಕೆಳಗೆ ಎಳೆದಳು.

"ನಮ್ದು ದೇವದುರ್ಗರಿ ಮೇಡಂ. ನೀವು ನಮ್ಮ ನಾಡಿನವರದೀರಿ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ? ನಮ್ಮ ಮಂದಿ ಇನ್ನೂ ಅದಾರ. ಹಿಂದ ಅದಾರ. ಬರ್ರಿ, ತೋರಸ್ತೀನಿ."

ಸೂಪರ್‌ವೈಸರ್ ಅಡ್ಡ ಬಂದ. ಆ ಮೇಡಂ ಇಂಗ್ಲಿಷಿನಲ್ಲಿ ಏನೋ ಬಿರುಸಾಗಿ ಅಂದಳು. ಅಕ್ಕ ಬೂಟುಗಾಲಿನಲ್ಲಿ ಮುಂದೆ, ಮೇಡಂ ಹಿಂದೆ, ಅವಳ ಹಿಂದೆ ನಾನು. ಬುಟ್ಟಿಗಳನ್ನು ಅಕ್ಕನೇ ಸರಿಸಿದಳು. ಬೀಗದ ಕೈ ತರಿಸಿದರು. ಬಾಗಿಲು ತೆರೆದಾಗ ಒಳಗಿನ ಹೆಂಗಸರು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನೇ ನೋಡಿದರು. ಯಾರೂ ಏಳಲಿಲ್ಲ. ಎದುರು ಮನೆಯವಳು ಮಾತ್ರ ಅಕ್ಕನನ್ನು ನೋಡಿ ಬೇಡ ಬೇಡ ಎಂಬಂತೆ ತಲೆಯಾಡಿಸಿದಳು.

ಮೇಡಂ ಫೋಟೊ ತೆಗೆದಳು. ಅವಳ ಕಣ್ಣಲ್ಲಿ ನೀರಿತ್ತು. ಆ ಗಾಳಿಗೋ, ಕರುಳು ಮಿಡಿದೋ ತಿಳಿಯದು. ಹೋಗುವಾಗ ಅಕ್ಕನ ಒದ್ದೆ ಕೈ ಹಿಡಿದು, "ಹೆದರ್ಬೇಡಿ ಅಕ್ಕ. ಎಲ್ಲಾ ಸರಿ ಮಾಡಿಸ್ತೀವಿ. ನಿಮಗೇನೂ ಆಗದ ಹಾಗೆ ನೋಡ್ಕೋತೀವಿ," ಎಂದು ತನ್ನ ನಂಬರು ಕೊಟ್ಟಳು.

ಅಕ್ಕನಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅದೇ ವಿಚಿತ್ರವಾಗಿತ್ತು. ಕೆಲವು ವಾರ ಶೆಡ್ಡಿನ ಬಾಗಿಲು ಹಗಲೆಲ್ಲ ತೆರೆದಿತ್ತು. ಫ್ಯಾನು ಹಾಕಿದರು. ಅಕ್ಕ ಗೆದ್ದವಳ ಹಾಗೆ ಓಡಾಡಿದಳು. ಒಂದು ದಿನ ಕಂಪನಿಯ ಹೆಸರಿನ ಡಬ್ಬಿಗಳು ಬರುವುದು ನಿಂತಿತು. ಮಾಲೀಕ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಹೇಳಿದ. ನಿಯಮ ಮುರಿದ ಫ್ಯಾಕ್ಟರಿಯಿಂದ ಇನ್ನು ಮುಂದೆ ಮಾಲು ಕೊಳ್ಳುವುದಿಲ್ಲ ಎಂದು ಕಂಪನಿ ಕೈ ಬಿಟ್ಟಿದೆ, ಬೇರೆ ಎಲ್ಲಿಂದಲೋ ತರಿಸಿಕೊಳ್ಳುತ್ತಿದೆ, ಕೊಳ್ಳುವವರೇ ಇಲ್ಲದ ಮೇಲೆ ನಾನೇನು ಮಾಡಲಿ, ನಿಮ್ಮ ನಿಮ್ಮ ಊರಿಗೆ ಹೋಗಿ. ಅವನು ಅಕ್ಕನ ಕಡೆ ಕೈ ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕನ ಪಕ್ಕದಲ್ಲಿ ಕುಳಿತವಳು ನಾನೊಬ್ಬಳೇ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದು ದೇವದುರ್ಗದ ಬಸ್ಸಿಗೆ ನಿಂತಾಗ, ಎದುರು ಮನೆಯವಳು ಗಂಟು ಕೆಳಗಿಟ್ಟು ನೇರ ಬಂದಳು.

"ನಿನ್ನ ನಾಲಿಗಿಗಿ ಹುಳ ಬೀಳ್ಲಿ," ಅಂದಳು. "ಯಾರ ಕೇಳಿದ್ರು ನಿನಗ? ಉಂಡೀಯಾ ಅಂತ ಒಂದು ಮಾತು ಕೇಳಿದ್ದಕ್ಕ ಎಲ್ಲಾರ ಅನ್ನ ಒಯ್ದು ಆಕಿ ಕೈಯಾಗ ಕೊಟ್ಟಿ. ಇನ್ನ ನನ್ನ ಮಕ್ಕಳು ಏನ್ ತಿನ್ಬೇಕು, ನಿನ್ನ ಖರೇ ಮಾತು ತಿನ್ಬೇಕೇನು?"

ಅಕ್ಕನಿಗೆ ಕೆಮ್ಮು ಬಂದಿತ್ತು. ಕೆಮ್ಮು ನಿಂತ ಮೇಲೆ, "ನೀ ಒಳಗ ಇದ್ದೆಲ್ಲಲೇ, ಅದಕ್ಕ ಹೇಳಿದೆ," ಅಂದಳು. ಆದರೆ ಅಷ್ಟು ಹೊತ್ತಿಗೆ ಆ ಹೆಂಗಸು ಬಸ್ಸು ಹತ್ತಿಬಿಟ್ಟಿದ್ದಳು.

ಊರಿಗೆ ಬಂದ ಮರುದಿನ ಅಕ್ಕ ಆ ಮೇಡಂಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಮೇಡಂ ಫೋನು ತೆಗೆದಳು, ಗುರುತು ಹಿಡಿದಳು. ತುಂಬ ಬೇಜಾರಾಯಿತು ಅಂದಳು. ಕಂಪನಿಗೆ ಅದರ ನಿಯಮ ಇದೆ, ತಪ್ಪು ಕಂಡರೆ ಖರೀದಿ ನಿಲ್ಲಿಸುವುದೇ ಅವರ ಜವಾಬ್ದಾರಿ, ನಾನು ವರದಿ ಕೊಡುವವಳು ಅಷ್ಟೇ, ಮುಂದಿನದು ನನ್ನ ಕೈಯಲ್ಲಿಲ್ಲ ಅಂದಳು.

"ಮೇಡಂ, ನಾ ಹೇಳಿದ್ದು ಬಂದ್ ಮಾಡ್ರಿ ಅಂತ ಅಲ್ರಿ," ಅಂದಳು ಅಕ್ಕ. "ಸರಿ ಮಾಡ್ರಿ ಅಂತ ಹೇಳಿದ್ದೆ. ಬಾಗಿಲಿಗಿ ಬೀಗ ಹಾಕಬ್ಯಾಡ್ರಿ ಅಂದ್ರ, ನೀವು ದೊಡ್ಡ ಬಾಗಿಲಿಗೇ ಬೀಗ ಹಾಕಿದ್ರಿ."

ಆ ಕಡೆಯಿಂದ ಕೊನೆಗೆ, "ಕ್ಷಮಿಸಿ ಅಕ್ಕ," ಎಂದು ಕೇಳಿಸಿತು. ಅವಳು ಕೆಟ್ಟವಳಲ್ಲ. ಅವಳ ಕೆಲಸವೂ ಆ ದೊಡ್ಡ ಯಂತ್ರದ ಒಂದು ಹಲ್ಲು ಎಂದು ಈಗ ಅನ್ನಿಸುತ್ತದೆ. ಅದಾದ ಮೇಲೆ ಅಕ್ಕ ಮಾಡಿದ ಫೋನುಗಳನ್ನು ಯಾರೂ ತೆಗೆಯಲಿಲ್ಲ.

ಓಣಿ ಅಕ್ಕನನ್ನು ಹೊರಗಿಟ್ಟಿತು. ಯಾರೂ ಜಗಳ ಮಾಡಲಿಲ್ಲ. ನಲ್ಲಿಯ ಹತ್ತಿರ ಅಕ್ಕ ಬಂದರೆ ಮಾತು ನಿಲ್ಲುತ್ತಿತ್ತು. ಬುದ್ಧ ಪೂರ್ಣಿಮೆಗೆ ಎಲ್ಲರೂ ಸೇರಿ ಪಾಯಸ ಮಾಡುವಾಗ ಅವಳನ್ನು ಕೂಗಲಿಲ್ಲ. ಅವಳು ತಾನಾಗಿಯೇ ಹೋಗಿ ಅಕ್ಕಿ ಆರಿಸಲು ಕುಳಿತರೆ ಒಬ್ಬೊಬ್ಬರಾಗಿ ಎದ್ದು ಹೋದರು. ಮೇಸ್ತ್ರಿ ಬೇರೆ ಫ್ಯಾಕ್ಟರಿಗೆ ಜನ ಕೂಡಿಸುವಾಗ ನಮ್ಮ ಬಾಗಿಲು ದಾಟಿ ಹೋದ. ನಮ್ಮ ಜನ ಮೇಲು ಜಾತಿಯವರಿಂದ ದೂರ ಇಡಿಸಿಕೊಂಡವರು. ಹಾಗೆ ದೂರ ಇಟ್ಟರೆ ಎಲ್ಲಿ ನೋಯುತ್ತದೆ ಎಂದು ಓಣಿಯ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಅಲ್ಲಿಗೇ ಹೊಡೆದರು. ನಾನು ಅವರನ್ನು ದ್ವೇಷಿಸಲು ಪ್ರಯತ್ನಪಟ್ಟೆ. ಆಗಲಿಲ್ಲ. ಅವರ ಮನೆಯ ಒಲೆ ನಿಜಕ್ಕೂ ಆರಿತ್ತು.

ನಾನು ಬಿ.ಎಡ್. ಮುಗಿಸಿದೆ. ಮಾನ್ವಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಷ್ಟರ ತನಕ ಅಕ್ಕ ಹಿರೇಕೊಟ್ನೆಕಲ್ ಕಡೆಯ ಹೊಲಗಳಿಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು, ನಮ್ಮನ್ನು ಅರಿಯದ ಊರಿನ ಗುಂಪುಗಳ ಜೊತೆ. ಮೆಣಸಿನ ಘಾಟು ಅವಳ ಎದೆಗೆ ವಿಷವಾಯಿತು. ಕೆಲಸ ಸಿಕ್ಕ ಕೂಡಲೇ ಅವಳನ್ನೂ ಅವ್ವನನ್ನೂ ಮಾನ್ವಿಗೆ ಕರೆದುಕೊಂಡು ಬಂದೆ. ಎರಡು ಕೋಣೆಯ ಬಾಡಿಗೆ ಮನೆ. ಅಕ್ಕ ಅಲ್ಲಿ ಸ್ವಲ್ಪ ಚೇತರಿಸಿಕೊಂಡಳು. ಪಕ್ಕದ ಮನೆಯ ಆಚಾರ್ಯರ ಹೆಂಡತಿಗೆ ಕಾಂಪೌಂಡ್ ಗೋಡೆಯ ಈಚೆಯಿಂದ ನನ್ನನ್ನೇ ನಕಲು ಮಾಡಿ ತೋರಿಸುತ್ತಿದ್ದಳಂತೆ, ಚಾಕ್‌ಪೀಸ್ ಹಿಡಿದು ನಾನು ಗದರುವುದನ್ನು. ಅರ್ಧಕ್ಕೆ ಉಸಿರು ಸಾಲದೆ ನಿಲ್ಲಿಸುತ್ತಿದ್ದಳು. ಆ ತಾಯಿ, "ಇರಲಿ ಬಿಡವ್ವಾ, ಉಳಿದದ್ದು ನಾಳಿ ತೋರ್ಸೀಯಂತ," ಅನ್ನುತ್ತಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ ಉಸಿರಾಟ ಬಹಳ ಕೆಟ್ಟಿತು. ರಾಯಚೂರಿನ ದವಾಖಾನೆಗೆ ಸೇರಿಸಿದೆ. ಎಳೆಯ ಡಾಕ್ಟರೊಬ್ಬ ಎದೆಗೆ ಕೊಳವೆಯಿಟ್ಟು ಕೇಳಿ, "ಬೀಡಿ ಸೇದ್ತೀರೇನಮ್ಮ?" ಎಂದು ಕೇಳಿದ.

"ಇಲ್ರಿ ಸಾಹೇಬ್ರ," ಅಂದಳು ಅಕ್ಕ, ಮೂಗಿನ ನಳಿಕೆ ಸರಿಸಿಕೊಂಡು. "ಸೀಗಡಿ ಸುಲದೀನ್ರಿ."

ಅವನಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವನು ಗಂಭೀರನಾಗಿ, ಆ ಕೆಲಸದವರಿಗೆ ಆಸ್ತಮಾ ಬರುವುದುಂಟು, ಮೊದಲೇ ಆ ಕೆಲಸ ಬಿಡಿಸಬೇಕಿತ್ತು ಅಂದ. ಕೊನೆಯ ದಿನಗಳಲ್ಲಿ ಅಕ್ಕನಿಗೆ ಮಾತು ಕಷ್ಟವಾಗಿತ್ತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿದಳು: "ಖರೇ ಹೇಳು ತಂಗಿ. ನಾ ಆ ಬಾಗ್ಲಾ ತಗಸ್ಬಾರದಿತ್ತೇನು?"

"ತಗಸಬೇಕಿತ್ತು," ಅಂದೆ. "ನೀ ಸರಿ ಮಾಡೀದಿ."

"ಮತ್ತ ಯಾಕ ಹಿಂಗಾತು?"

ನಾನು ಅವಳ ಬೆನ್ನು ತಿಕ್ಕುತ್ತ ಕುಳಿತೆ. ಎರಡು ದಿನ ಬಿಟ್ಟು, ಬೆಳಿಗ್ಗೆ ನಾನು ಚಹಾ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅವಳಿಗೆ ನಲವತ್ತು ತುಂಬಿರಲಿಲ್ಲ.

ದೇವದುರ್ಗಕ್ಕೆ ತಂದೆವು. ಓಣಿಯ ಜನ ಬಂದರು, ದೂರ ನಿಂತರು. ಹೆಣಕ್ಕೆ ನೀರು ಹಾಕಬೇಕಾದಾಗ ಅವ್ವನೂ ನಾನೂ ಇಬ್ಬರೇ ಉಳಿದೆವು. ಆಗ ಎದುರು ಮನೆಯ ಬಾಗಿಲು ತೆರೆಯಿತು. ಆ ಹೆಂಗಸು ಬಿಸಿನೀರಿನ ಕೊಡ ಹೊತ್ತು ಬಂದಳು. ಯಾರ ಮುಖವನ್ನೂ ನೋಡದೆ ಕುಳಿತು ಅಕ್ಕನ ತಲೆಗೆ ನೀರು ಹಾಕಿದಳು, ಕೂದಲು ಬಿಡಿಸಿದಳು, ಬೆರಳು ಬೆರಳು ಉಜ್ಜಿ ತೊಳೆದಳು. ತೊಳೆಯುತ್ತ ಇದ್ದಕ್ಕಿದ್ದಂತೆ ಅಕ್ಕನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, "ಏಳ ಬೇ, ಎದ್ದು ನನ್ನಂಗ ಮಾಡಿ ತೋರಸು, ನಾ ಹ್ಯಾಂಗ ಬೈದೆ ತೋರಸು," ಎಂದು ಗೋಗರೆದಳು. ಅವ್ವ ಅವಳನ್ನು ತಬ್ಬಿಕೊಂಡಳು. ಆಮೇಲೆ ಉಳಿದವರೂ ಹತ್ತಿರ ಬಂದರು.

ಮಣ್ಣು ಮುಗಿದ ಕೆಲವು ವಾರಗಳ ನಂತರ ನಾನು ಆ ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಏನೂ ಕೇಳಲಿಲ್ಲ. ನಡೆದದ್ದನ್ನು ಬರೆದು, ನನ್ನ ಅಕ್ಕ ತೀರಿಕೊಂಡಳು ಎಂದಷ್ಟೇ ತಿಳಿಸಿದೆ. ಬಹಳ ಸಭ್ಯವಾದ ಉತ್ತರ ಬಂತು. ವಿಷಾದವಿದೆ, ಆ ಫ್ಯಾಕ್ಟರಿಯೊಂದಿಗಿನ ಸಂಬಂಧವನ್ನು ನಾವು ಆಗಲೇ ಕೊನೆಗೊಳಿಸಿದ್ದೇವೆ, ಕಾರ್ಮಿಕರ ಹಿತ ನಮಗೆ ಮುಖ್ಯ. ಅವ್ವ ಏನಂತೆ ಎಂದು ಕೇಳಿದಳು. ಸಂಬಂಧ ಕಡಿದುಕೊಂಡಿದ್ದೇವೆ ಅಂತಾರೆ ಎಂದೆ. ಅವ್ವ ತಿರುಗಿ ಕೇಳಿದಳು: "ಅವರಿಗೂ ನಮಗೂ ಸಂಬಂಧ ಇತ್ತೇನು?"

ಈ ಬೇಸಿಗೆ ರಜೆಗೆ ದೇವದುರ್ಗಕ್ಕೆ ಹೋದಾಗ ಎದುರು ಮನೆಯವಳು ಗಂಟು ಕಟ್ಟುತ್ತಿದ್ದಳು. ಮತ್ತೊಂದು ಸೀಗಡಿ ಫ್ಯಾಕ್ಟರಿಗೆ ಹೊರಟಿದ್ದಳು. ಹೋಗಬೇಡ ಎಂದು ಹೇಳುವ ಬಾಯಿ ನನಗಿರಲಿಲ್ಲ. ಬಸ್ ನಿಲ್ದಾಣದ ತನಕ ಜೊತೆಗೆ ನಡೆದೆ. ಬಸ್ಸು ಹತ್ತುವ ಮುಂಚೆ ನನ್ನ ನಂಬರು ಕೇಳಿದಳು.

"ಏನಾರ ಆದ್ರ ನಿನಗ ಫೋನ್ ಹಚ್ತೀನಿ," ಅಂದಳು. "ನೀ ಯಾರ ಮುಂದೂ ಹೇಳಬ್ಯಾಡವ್ವಾ. ಬರೇ ಕೇಳು." ಆಗಲಿ ಎಂದೆ.

ಈಗ ಭಾನುವಾರ ಮಧ್ಯಾಹ್ನ ಅವಳ ಫೋನು ಬರುತ್ತದೆ. ಮಾಲು ಎಷ್ಟು ಬಂತು, ಯಾರಿಗೆ ಜ್ವರ, ಕಣ್ಣು ಹೇಗೆ ಉರಿಯುತ್ತದೆ, ಎಲ್ಲ ಹೇಳುತ್ತಾಳೆ. ನಡುನಡುವೆ ಕೆಮ್ಮುತ್ತಾಳೆ. ನಾನು ಕೊಟ್ಟ ಮಾತಿನಂತೆ ಬರೀ ಕೇಳುತ್ತೇನೆ.